ಸರಾಯೆವೊಗೆ ಹೋಗುವ ಮೊದಲು ಸಾಂಬ್ರಾಗೆ ಹೋಗೋಣ

ಹತ್ತನೇ ತರಗತಿಯ ಮಕ್ಕಳನ್ನು ಮೊದಲ ಮಹಾಯುದ್ಧಕ್ಕೆ ತಕ್ಷಣದ ಕಾರಣ ಏನು ಅಂತ ಕೇಳಿ ನೋಡಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ: ಆಸ್ಟ್ರಿಯಾದ ಯುವರಾಜ ಫರ್ಡಿನಾಂಡ್‌ನ ಕೊಲೆ. ಊರು ಸರಾಯೆವೊ. ದಿನ 1914ರ ಜೂನ್ 28. ಒಂದು ಅಂಕ ಗ್ಯಾರಂಟಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಆ ಯುದ್ಧಕ್ಕೂ ಬೆಳಗಾವಿಗೂ ಏನು ಸಂಬಂಧ? ಇಡೀ ತರಗತಿ ಸುಮ್ಮನಾಗುತ್ತದೆ.

ನಾನು ಬೆಳಗಾವಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಈ ಪಾಠ ನಡೆಯುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಅವರವರು ಬಡದಾಡ್ಕೊಂಡ್ರ ನಮಗೇನ್ರಿ ಆಗೋದು?" ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಹೇಳಿದ ಪಾಠದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಜರ್ಮನಿ ಇತ್ತು, ಫ್ರಾನ್ಸ್ ಇತ್ತು, ಗುಪ್ತ ಒಪ್ಪಂದಗಳಿದ್ದವು, ವರ್ಸೈಲ್ಸ್ ಒಪ್ಪಂದ ಇತ್ತು. ಆ ಹುಡುಗ ಬೆಳಗಾವಿಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ನೋಡುವ ಮಿಲಿಟರಿ ಕ್ಯಾಂಪ್ ಮಾತ್ರ ಇರಲಿಲ್ಲ.

ಆ ಕ್ಯಾಂಪಿನಲ್ಲಿರುವ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರವೇ ಆ ಯುದ್ಧದಿಂದ ಬಂದದ್ದು. 1918ರ ಅಕ್ಟೋಬರ್ ಕೊನೆಯಲ್ಲಿ, ಈಗಿನ ಇರಾಕಿನ ಶರ್ಕತ್ ಅನ್ನುವ ಊರಿನ ಹತ್ತಿರ ಟರ್ಕಿಯ ಸೇನೆಯ ಜೊತೆ ಆ ಭಾಗದ ಕೊನೆಯ ದೊಡ್ಡ ಕಾಳಗ ನಡೆಯಿತು. ಅದರಲ್ಲಿ 114ನೇ ಮರಾಠಾ ಪಲ್ಟನ್ ಹೋರಾಡಿತು. ಯುದ್ಧ ಮುಗಿದ ಮೇಲೆ, 1922ರಲ್ಲಿ, ಬೇರೆ ಬೇರೆ ಮರಾಠಾ ಪಲ್ಟನ್‌ಗಳನ್ನು ಒಂದೇ ರೆಜಿಮೆಂಟ್ ಮಾಡಿದರು. ಆಗ ಈ 114ನೇ ಪಲ್ಟನ್ನನ್ನೇ ತರಬೇತಿ ಬೆಟಾಲಿಯನ್ ಮಾಡಿ ಬೆಳಗಾವಿಯಲ್ಲಿ ಇರಿಸಿದರು. ನೂರು ವರ್ಷದಿಂದ ನಮ್ಮ ಊರಿನಲ್ಲಿ ಬೆಳಿಗ್ಗೆ ಕೇಳುವ ಬೂಟಿನ ಸದ್ದು ಅಲ್ಲಿಂದ ಶುರುವಾದದ್ದು. ಇದನ್ನು ನಾನು ಆ ಹುಡುಗನಿಗೆ ಆ ದಿನ ಹೇಳಲಿಲ್ಲ. ನನಗೇ ಆಗ ಪೂರ್ತಿ ಗೊತ್ತಿರಲಿಲ್ಲ.

ಈ ಲೇಖನ ಬರೆಯಲು ಅದೇ ಕಾರಣ. ಮಹಾಯುದ್ಧಗಳ ಪಾಠವನ್ನು ನಮ್ಮ ಮಕ್ಕಳಿಗೆ ನಮ್ಮ ಊರಿನಿಂದಲೇ ಶುರು ಮಾಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಹಾಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದು ಈಗ ಕಣ್ಣ ಮುಂದೆಯೇ ಇದೆ.

ಪಾಠ ಎಲ್ಲಿ ತಪ್ಪುತ್ತಿದೆ

ಪರೀಕ್ಷೆಯ ಲೆಕ್ಕ ನಮಗೆಲ್ಲ ಗೊತ್ತು. 80 ಅಂಕದ ಪತ್ರಿಕೆ, 20 ಆಂತರಿಕ ಅಂಕ. ಯಾವ ಪಾಠದಿಂದ ಎಷ್ಟು ಅಂಕ ಬರುತ್ತದೆ ಅಂತ ಬ್ಲೂಪ್ರಿಂಟ್ ನೋಡಿ ಪಾಠ ಮಾಡುತ್ತೇವೆ. ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಕೊಡುತ್ತೇವೆ. ಅದರಲ್ಲಿ ಮಹಾಯುದ್ಧ ಅಂದರೆ ನಾಲ್ಕು ಕಾರಣ, ಆರು ಪರಿಣಾಮ. ಮಕ್ಕಳು ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಶಿಕ್ಷಕರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಜೂನ್‌ನಿಂದ ಮಾರ್ಚ್ ಒಳಗೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಒಬ್ಬರೇ ಮುಗಿಸಬೇಕು. ಯುದ್ಧಕ್ಕೆ ಸಿಗುವುದು ನಾಲ್ಕೈದು ಪಿರಿಯಡ್.

ಆದರೆ ಮಕ್ಕಳಿಗೆ ಯುದ್ಧದ ಬಗ್ಗೆ ಕುತೂಹಲ ಇಲ್ಲ ಅಂದುಕೊಂಡರೆ ಅದು ತಪ್ಪು. ಅವರಿಗೆ ಕುತೂಹಲ ಜಾಸ್ತಿಯೇ ಇದೆ. ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ರಾಜ್ಯದ ಮಕ್ಕಳು 2022ರಲ್ಲಿ ನೆಲಮಾಳಿಗೆಯಲ್ಲಿ ಕೂತು ಮನೆಗೆ ವಿಡಿಯೊ ಕಾಲ್ ಮಾಡಿದ್ದನ್ನು ಇವರು ನೋಡಿದ್ದಾರೆ. ಗಾಜಾದ ಚಿತ್ರಗಳು ಫೋನಿಗೆ ಬರುತ್ತಲೇ ಇರುತ್ತವೆ. ಟಿವಿಯಲ್ಲಿ ಮೂರನೇ ಮಹಾಯುದ್ಧ ಶುರುವಾಯಿತಾ ಅಂತ ಕೆಂಪು ಅಕ್ಷರ ಓಡುತ್ತಿರುತ್ತದೆ. ಮೂರನೆಯದರ ಭಯ ಇರುವ ಮಗುವಿಗೆ ಮೊದಲಿನ ಎರಡು ಹೇಗಿದ್ದವು ಅಂತ ತಿಳಿಯುವ ಆಸೆ ಇದ್ದೇ ಇರುತ್ತದೆ, ಅಲ್ವಾ? ಅದು ಪುಸ್ತಕದಲ್ಲಿ ಸಿಗದಿದ್ದರೆ ರೀಲ್ಸ್‌ನಲ್ಲಿ ಹುಡುಕುತ್ತಾರೆ.

ರೀಲ್ಸ್‌ನಲ್ಲಿ ಸಿಗುವುದು ಹಿಟ್ಲರ್. ಬಣ್ಣ ಹಚ್ಚಿದ ಹಳೇ ವಿಡಿಯೊ, ಹಿನ್ನೆಲೆಯಲ್ಲಿ ಜೋರು ಸಂಗೀತ, ಕೆಳಗೆ ಶಿಸ್ತು, ದೇಶಪ್ರೇಮ ಅಂತ ಬರಹ. ನಮ್ಮ ಕಡೆ ಬಿಗಿ ಮಾಸ್ತರಿಗೆ ಹಿಟ್ಲರ್ ಅಂತ ಅಡ್ಡಹೆಸರು ಇಡುವುದು ಹಳೆಯ ರೂಢಿ. ಈಗ ಅದು ಬೈಗುಳವಾಗಿ ಉಳಿದಿಲ್ಲ. "ಅಂಥಾವ ಒಬ್ಬ ಬರಬೇಕ್ರಿ ಸರ್ ನಮ್ಮ ದೇಶಕ್ಕ" ಅಂತ ಒಂಬತ್ತನೇ ತರಗತಿಯ ಮಗು ಹೇಳಿದಾಗ ನನಗೆ ಎದೆ ಧಸಕ್ಕೆಂದಿತು. ಆ ಮಗು ಕೆಟ್ಟದ್ದಲ್ಲ. ಅದಕ್ಕೆ ಯಾರೂ ಏನೂ ಹೇಳಿಲ್ಲ, ಅಷ್ಟೇ. ಇದಕ್ಕೆ ಮುಂದೆ ಬರುತ್ತೇನೆ. ಮೊದಲು ನಮ್ಮೂರಿನ ಒಂದು ವಾರದ ಕಥೆ.

1916ರ ಏಪ್ರಿಲ್ ಕೊನೆಯ ವಾರ

ಬೆಳಗಾವಿಯವರಿಗೆ 1924 ಚೆನ್ನಾಗಿ ಗೊತ್ತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಇಲ್ಲೇ ನಡೆಯಿತು. ಅದರ ನೂರನೇ ವರ್ಷವನ್ನು ಈಚೆಗೆ ಊರು ತುಂಬ ದೀಪ ಹಾಕಿ ಆಚರಿಸಿದೆವು. ಅದಕ್ಕಿಂತ ಎಂಟು ವರ್ಷ ಹಿಂದೆ ಇಲ್ಲಿ ನಡೆದದ್ದು ಅಷ್ಟು ಜನಕ್ಕೆ ನೆನಪಿಲ್ಲ. 1916ರ ಏಪ್ರಿಲ್ ಕೊನೆಗೆ ಬೆಳಗಾವಿಯಲ್ಲಿ ಮುಂಬೈ ಪ್ರಾಂತ್ಯದ ರಾಜಕೀಯ ಸಮ್ಮೇಳನ ಸೇರಿತು. ಆಗ ಬೆಳಗಾವಿ, ವಿಜಾಪುರ ಜಿಲ್ಲೆಗಳೆಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು. ಬಾಗಲಕೋಟೆ ವಿಜಾಪುರ ಜಿಲ್ಲೆಯೊಳಗೇ ಇತ್ತು. ಆ ಸಮ್ಮೇಳನದ ಹೊತ್ತಿನಲ್ಲಿ ಲೋಕಮಾನ್ಯ ತಿಲಕರು ತಮ್ಮ ಹೋಂ ರೂಲ್ ಲೀಗ್ ಕಟ್ಟಿದರು. ಮನೆಯ ಆಡಳಿತ ಮನೆಯವರ ಕೈಗೆ ಬರಬೇಕು ಅನ್ನುವ ಮಾತು ಇಲ್ಲಿಂದ ಊರೂರಿಗೆ ಹೋಯಿತು.

ಅದೇ ವಾರ, ಏಪ್ರಿಲ್ 29ರಂದು, ಸಮುದ್ರದಾಚೆ ಮೆಸಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ, ಟೈಗ್ರಿಸ್ ನದಿಯ ತಿರುವಿನ ಕುತ್ ಅನ್ನುವ ಊರಲ್ಲಿ ಬ್ರಿಟಿಷ್ ಇಂಡಿಯಾದ ಸೇನೆ ಟರ್ಕಿಗೆ ಶರಣಾಯಿತು. ಶರಣಾದವರು ಸುಮಾರು 13,000. ಅದು ಪುಣೆ ಡಿವಿಷನ್. ಬಹುಪಾಲು ಭಾರತೀಯರು. ಅವರಲ್ಲಿ 103ನೇ, 110ನೇ ಮತ್ತು 117ನೇ ಮರಾಠಾ ಪಲ್ಟನ್‌ಗಳಿದ್ದವು. ಮುಂದೆ ಬೆಳಗಾವಿಯ ಈ ಕೇಂದ್ರಕ್ಕೆ ಸೇರಿದ ಪಲ್ಟನ್‌ಗಳೇ ಇವು.

ಈ ಎರಡನ್ನೂ ಒಂದೇ ದಿನ, ಒಂದೇ ಕಪ್ಪು ಹಲಗೆಯ ಮೇಲೆ ಬರೆದರೆ ಮಕ್ಕಳ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ. ಎಡಕ್ಕೆ ಬೆಳಗಾವಿ, ಬಲಕ್ಕೆ ಕುತ್. ಈ ಕಡೆ ನಮ್ಮ ಆಡಳಿತ ನಮಗೆ ಕೊಡಿ ಅನ್ನುವವರು. ಆ ಕಡೆ ಯಾರದೋ ಆಡಳಿತಕ್ಕಾಗಿ ಹಸಿದು ಕೂತವರು.

ಹಸಿವು ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುತ್‌ನ ಮುತ್ತಿಗೆ 1915ರ ಡಿಸೆಂಬರ್ ಮೊದಲ ವಾರದಲ್ಲಿ ಶುರುವಾಗಿ ಸುಮಾರು ಐದು ತಿಂಗಳು ನಡೆಯಿತು. ಹೊರಗಿನಿಂದ ಬಂದ ಸಹಾಯ ಪಡೆ ಮತ್ತೆ ಮತ್ತೆ ಪ್ರಯತ್ನಿಸಿ ಒಳಗೆ ಬರಲಾಗಲಿಲ್ಲ. ಒಳಗೆ ಧಾನ್ಯ ಮುಗಿಯುತ್ತ ಬಂತು. ಸೇನೆಯ ಕುದುರೆ, ಹೇಸರಗತ್ತೆಗಳನ್ನು ಕಡಿದು ಮಾಂಸ ಹಂಚಿದರು. ಭಾರತೀಯ ಸಿಪಾಯಿಗಳಲ್ಲಿ ತುಂಬ ಜನ ಅದನ್ನು ಮುಟ್ಟಲಿಲ್ಲ. ತಿಂದರೆ ಊರಿಗೆ ಹೋದ ಮೇಲೆ ಜಾತಿಯಿಂದ ಹೊರಗೆ ಹಾಕುತ್ತಾರೆ, ಮಕ್ಕಳ ಮದುವೆ ಆಗುವುದಿಲ್ಲ ಅನ್ನುವ ಭಯ. ಸೇನಾಪತಿ ಟೌನ್‌ಶೆಂಡ್ ವೈರ್‌ಲೆಸ್ ಮೂಲಕ ಭಾರತದ ಧರ್ಮಗುರುಗಳಿಂದ ಒಪ್ಪಿಗೆ ತರಿಸಿದ. ಆದರೂ ತುಂಬ ಮಂದಿ ಏಪ್ರಿಲ್‌ವರೆಗೂ ತಿನ್ನಲಿಲ್ಲ. ಶರಣಾದ ಮೇಲೆ ಸಾಮಾನ್ಯ ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರೈಲು ಹಳಿಯ ಕೆಲಸಕ್ಕೆ ಹಚ್ಚಿದರು. ಸಾವಿರಾರು ಮಂದಿ ದಾರಿಯಲ್ಲಿ, ಕೆಲಸದ ಕ್ಯಾಂಪ್‌ಗಳಲ್ಲಿ ಸತ್ತರು. ದೊಡ್ಡ ಸಾಹೇಬನನ್ನು ಮಾತ್ರ ಇಸ್ತಾಂಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಇಟ್ಟರು.

ಇದನ್ನು ಹೇಳಿದಾಗ ನನ್ನ ತರಗತಿಯಲ್ಲಿ ಬಂದ ಮೊದಲ ಪ್ರಶ್ನೆ, "ಮತ್ತ ಅವರು ಯಾಕ ಹೋದ್ರು ಸರ್?" ಎಷ್ಟು ಒಳ್ಳೆಯ ಪ್ರಶ್ನೆ! ನಾಲ್ಕು ಕಾರಣ ಆರು ಪರಿಣಾಮದ ಪಾಠದಲ್ಲಿ ಈ ಪ್ರಶ್ನೆ ಎಂದೂ ಹುಟ್ಟುವುದಿಲ್ಲ. ಉತ್ತರಕ್ಕೆ ಹಲವು ಎಳೆಗಳಿವೆ. ಮಳೆ ನಂಬಿದ ಹೊಲ, ತಿಂಗಳ ಪಗಾರ, ಅಪ್ಪ-ಅಜ್ಜ ಪಲ್ಟನ್‌ನಲ್ಲಿದ್ದ ಮನೆತನದ ಹೆಮ್ಮೆ, ಊರ ಗೌಡರ, ಮಾಮಲೇದಾರರ ಒತ್ತಾಯ. ಬ್ರಿಟಿಷರು ಮೆಸಪೊಟೇಮಿಯಾಗೆ ಹೋದದ್ದು ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಪರ್ಷಿಯಾದ ಅಬಾದಾನಿನ ಎಣ್ಣೆ ಅವರ ನೌಕಾಪಡೆಗೆ ಬೇಕಾಗಿತ್ತು. 1914ರ ನವೆಂಬರ್‌ನಲ್ಲಿ ಮುಂಬೈ ಕಡೆಯಿಂದ ಹಡಗಿನಲ್ಲಿ ಹೋದ ಸೇನೆ ಮೊದಲು ಇಳಿದದ್ದು ಆ ಎಣ್ಣೆಯ ಬಾಗಿಲಿನಲ್ಲಿ. ಎಣ್ಣೆಗಾಗಿ ನಡೆಯುವ ಯುದ್ಧ ಅಂದರೆ ಈಗಿನ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಮೊದಲ ಯುದ್ಧಕ್ಕೆ ಭಾರತದಿಂದ ಸಿಪಾಯಿಗಳು, ಕೂಲಿಗಳು, ಚಾಕರಿಯವರು ಸೇರಿ ಸುಮಾರು 13 ಲಕ್ಷ ಮಂದಿ ಕೆಲಸ ಮಾಡಿದರು. ಸುಮಾರು 74,000 ಮಂದಿ ಮರಳಿ ಬರಲಿಲ್ಲ. ಹೊರದೇಶಕ್ಕೆ ಹೋದವರಲ್ಲಿ ಅತಿ ಹೆಚ್ಚು ಜನ ಹೋದದ್ದು ಮೆಸಪೊಟೇಮಿಯಾಗೆ. ನಮ್ಮ ಪಾಠದಲ್ಲಿ ಮಾತ್ರ ಎಲ್ಲವೂ ಫ್ರಾನ್ಸಿನ ಕಂದಕಗಳಲ್ಲೇ ನಡೆಯುತ್ತದೆ.

ಯುದ್ಧ ಮುಗಿಯುವ ವರ್ಷ ಹಡಗುಗಳ ಜೊತೆ ಇನ್‌ಫ್ಲುಯೆಂಜಾ ಬಂತು. 1918ರ ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡು ರೈಲು ಹಿಡಿದು ಒಳನಾಡಿಗೆ ಹರಡಿತು. ಆ ವರ್ಷ ಮಳೆಯೂ ಕೈ ಕೊಟ್ಟಿತ್ತು. ದೇಶದಲ್ಲಿ ಕನಿಷ್ಠ 1.2 ಕೋಟಿ ಜನ ಸತ್ತರು. ಅತಿ ಹೆಚ್ಚು ಪೆಟ್ಟು ತಿಂದ ಪ್ರಾಂತ್ಯಗಳಲ್ಲಿ ನಮ್ಮ ಮುಂಬೈ ಪ್ರಾಂತ್ಯ ಒಂದು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಕಡಿಮೆಯಾಯಿತು. ಜನಗಣತಿಯ ಇತಿಹಾಸದಲ್ಲಿ ಹಾಗಾದ ದಶಕ ಅದೊಂದೇ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಆ ರೋಗಕ್ಕೆ ಮಾನಮೋಡಿ ಅನ್ನುವ ಹೆಸರಿದೆ. ಕೊರೊನಾ ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ಬಾಗಲಕೋಟೆ ಕಡೆಯ ಶಿಕ್ಷಕ ಗೆಳೆಯರಿಗೆ ನಾನು ಹೇಳುವುದು ಬಣ್ಣದ ಕಥೆ. 1914ಕ್ಕೆ ಮೊದಲು ಜಗತ್ತಿನ ಕೃತಕ ಬಣ್ಣದ ಬಹುಪಾಲು ಜರ್ಮನಿಯ ಕಾರ್ಖಾನೆಗಳಿಂದ ಬರುತ್ತಿತ್ತು. ನೂಲಿಗೆ ಹಾಕುವ ಕೆಂಪು ಕೂಡ. ಯುದ್ಧ ಶುರುವಾಗಿ ಆ ಬಣ್ಣ ಬರುವುದು ನಿಂತಾಗ ಭಾರತದಲ್ಲಿ ಬಣ್ಣದ ಬೆಲೆ ಏರಿತು. ಸತ್ತೇಹೋಗಿದ್ದ ನೀಲಿ ಬೆಳೆಗೆ ಮತ್ತೆ ಕೆಲವು ವರ್ಷ ಜೀವ ಬಂತು. ಇಳಕಲ್ಲಿನ, ಗುಳೇದಗುಡ್ಡದ ನೇಕಾರರ ಮನೆಯ ಮಗುವಿಗೆ ಜರ್ಮನಿ ಅಂದರೆ ನಕ್ಷೆಯ ಮೇಲಿನ ಒಂದು ಚುಕ್ಕಿ ಆಗಿ ಉಳಿಯಬೇಕಾಗಿಲ್ಲ. ಮಗ್ಗದ ಮೇಲಿನ ಸೆರಗಿನಿಂದಲೇ ಅಲ್ಲಿಗೆ ದಾರಿ ಇದೆ.

ಎರಡನೆಯ ಯುದ್ಧ ಇನ್ನೂ ಹತ್ತಿರ

ಎರಡನೆಯ ಮಹಾಯುದ್ಧದ ಗುರುತುಗಳನ್ನು ನೋಡಲು ಸಿಟಿ ಬಸ್ ಟಿಕೆಟ್ ಸಾಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಬರ್ಮಾ ಕಡೆ ಜಪಾನ್ ಬರುತ್ತಿತ್ತು. ಇಲ್ಲಿ ತರಬೇತಿ ನಡೆಯುತ್ತಿತ್ತು. ಇವತ್ತು ಬೆಂಗಳೂರಿಗೆ ವಿಮಾನ ಹತ್ತುವವರು ನಿಲ್ಲುವ ನೆಲ ಅದೇ. ಊರಿನ ಮಿಲಿಟರಿ ಸ್ಕೂಲ್ ಶುರುವಾದದ್ದು 1945ರ ಕೊನೆಯಲ್ಲಿ, ಯುದ್ಧ ಮುಗಿದ ಕೂಡಲೇ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಮಹಾರ್ ರೆಜಿಮೆಂಟ್ ಹುಟ್ಟಿದ್ದು ಬೆಳಗಾವಿಯಲ್ಲಿ, 1941ರ ಅಕ್ಟೋಬರ್‌ನಲ್ಲಿ. ಇದರ ಹಿಂದೆ ಒಂದು ದೊಡ್ಡ ಅನ್ಯಾಯ ಇದೆ. ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೇನೆಯಲ್ಲಿ ಮಹಾರ್ ಸಿಪಾಯಿಗಳು, ಅಂದರೆ ಊರು ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಜಾತಿಯವರು, ಬಹಳ ಇದ್ದರು. ಅಂಬೇಡ್ಕರರ ತಂದೆ ರಾಮಜಿ ಸುಬೇದಾರರಾಗಿದ್ದರು. ಆಮೇಲೆ ಬ್ರಿಟಿಷರು ಕೆಲವು ಜಾತಿಗಳು ಹುಟ್ಟಾ ಯೋಧರು, ಉಳಿದವರು ಕೆಲಸಕ್ಕೆ ಬರುವುದಿಲ್ಲ ಅನ್ನುವ ಸಿದ್ಧಾಂತ ಹಿಡಿದರು. 1890ರ ದಶಕದಲ್ಲಿ ಮಹಾರರ ಭರ್ತಿ ನಿಲ್ಲಿಸಿದರು. ಮೊದಲ ಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಅದನ್ನು ಮುಚ್ಚಿದರು. ಬೇಕಾದಾಗ ಕರೆದು, ಬೇಡವಾದಾಗ ಕಳಿಸಿದರು. ಎರಡನೆಯ ಯುದ್ಧದ ಹೊತ್ತಿಗೆ ಅಂಬೇಡ್ಕರರು ವೈಸ್‌ರಾಯ್‌ಯ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು. ಅವರು ಬಿಡದೆ ಒತ್ತಾಯಿಸಿದರು. ಬೆಳಗಾವಿಯಲ್ಲಿ ಮೊದಲ ಬೆಟಾಲಿಯನ್ ಎದ್ದು ನಿಂತಿತು.

ಈ ಕಥೆ ಹೇಳದೆ ಮಹಾಯುದ್ಧದ ಪಾಠ ಮುಗಿಸುವುದು ನನಗೆ ಈಗ ಆಗದ ಮಾತು. ಯುದ್ಧ, ಜಾತಿ, ಸಾಮ್ರಾಜ್ಯ, ಆತ್ಮಗೌರವ ನಾಲ್ಕೂ ಒಂದೇ ಜಾಗದಲ್ಲಿ ಸಿಗುತ್ತವೆ. ತರಗತಿಯಲ್ಲಿ ಯಾವ ಮಗು ತಲೆ ಎತ್ತಿ ಕೂರುತ್ತದೆ ಅನ್ನುವುದನ್ನು ಶಿಕ್ಷಕರು ನೋಡಿಯೇ ತಿಳಿಯಬೇಕು.

ನಿಪ್ಪಾಣಿ, ಚಿಕ್ಕೋಡಿ ಕಡೆಯ ಮಕ್ಕಳಿಗೆ ಇನ್ನೊಂದು. ಬಟ್ಟೆ ಹೋಲ್‌ಸೇಲ್ ದರದಲ್ಲಿ ಸಿಗುತ್ತದೆ ಅಂತ ನಮ್ಮ ಕಡೆಯವರು ಮದುವೆ ಜವಳಿಗೆ ಹೋಗುವ ಊರು ಕೊಲ್ಹಾಪುರದ ಗಾಂಧಿನಗರ. ಅದಕ್ಕೂ ಮೊದಲು ಆ ಜಾಗ ವಳಿವಡೆ ಕ್ಯಾಂಪ್. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲೆಂಡಿನ ಜನ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. 1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪಶ್ಚಿಮದಿಂದ, 17ಕ್ಕೆ ಸ್ಟಾಲಿನ್ ಪೂರ್ವದಿಂದ ಅವರ ದೇಶದ ಮೇಲೆ ಬಿದ್ದರು. ಸ್ಟಾಲಿನ್ ಲಕ್ಷಾಂತರ ಜನರನ್ನು ರೈಲಿನಲ್ಲಿ ತುಂಬಿ ಸೈಬೀರಿಯಾದ ಕಡೆ ಸಾಗಿಸಿದ. 1941ರಲ್ಲಿ ಬಿಡುಗಡೆಯಾದವರು ಇರಾನ್ ದಾಟಿ ಭಾರತಕ್ಕೆ ಬಂದರು. ವಳಿವಡೆಯಲ್ಲಿ ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಇತ್ತು. ಅವರು ಹೋದ ಮೇಲೆ ಅದೇ ಗುಡಿಸಲುಗಳಿಗೆ ದೇಶ ವಿಭಜನೆಯಲ್ಲಿ ಮನೆ ಕಳಕೊಂಡ ಸಿಂಧಿಗಳು ಬಂದರು. ಅವರೇ ಈಗಿನ ಬಟ್ಟೆ ಪೇಟೆ ಕಟ್ಟಿದವರು. ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಪೋಲಿಷ್ ಜನರ ನೆನಪಿನ ಕಂಬ ಇದೆ. ಶಾಲೆಯ ಪ್ರವಾಸ ಹೇಗೂ ಮಹಾಲಕ್ಷ್ಮಿ ಗುಡಿಗೆ, ಪನ್ಹಾಳ ಕೋಟೆಗೆ ಹೋಗುತ್ತದೆ. ಹತ್ತು ನಿಮಿಷ ಅಲ್ಲಿ ನಿಲ್ಲಬಹುದು.

ಗೋವಾ ಕಥೆ ಹುಡುಗರಿಗೆ ತುಂಬ ಇಷ್ಟ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾದ ಕೆಲವು ನಡುವಯಸ್ಸಿನ ಬಿಳಿಯ ನೌಕರದಾರರು ಹಳೆಯ ದೋಣಿಯಲ್ಲಿ ಮುರ್ಮಗೋವಾ ಬಂದರಿಗೆ ನುಗ್ಗಿ ಎಹ್ರೆನ್‌ಫೆಲ್ಸ್ ಅನ್ನುವ ಜರ್ಮನ್ ಹಡಗಿನ ಮೇಲೆ ದಾಳಿ ಮಾಡಿದರು. ಗೋವಾ ಪೋರ್ಚುಗೀಸರದ್ದು, ಯುದ್ಧದಲ್ಲಿ ಯಾರ ಕಡೆಗೂ ಇರಲಿಲ್ಲ. ಹಾಗಾಗಿ ಬಹಳ ವರ್ಷ ಇದು ಗುಟ್ಟಾಗಿಯೇ ಉಳಿಯಿತು. ತಟಸ್ಥ ದೇಶ ಅಂದರೇನು ಅಂತ ಒಂದು ಪುಟ ವಿವರಿಸುವುದಕ್ಕಿಂತ ಇದು ಮೇಲು.

ಹಿಟ್ಲರ್ ಬಗ್ಗೆ ಏನು ಹೇಳಬೇಕು

ಮಕ್ಕಳು ಹಿಟ್ಲರ್‌ನನ್ನು ಮೆಚ್ಚುವುದಕ್ಕೆ ಎರಡು ಮಾತು ಕೊಡುತ್ತಾರೆ. ಒಂದು, ಅವನು ದೇಶ ಕಟ್ಟಿದ. ಇನ್ನೊಂದು, ಅವನು ಬ್ರಿಟಿಷರನ್ನು ಹೊಡೆದ, ನೇತಾಜಿಗೆ ಸಹಾಯ ಮಾಡಿದ, ಅದರಿಂದ ನಮಗೆ ಸ್ವಾತಂತ್ರ್ಯ ಬಂತು. ಎರಡನೆಯ ಮಾತು ದೇಶಪ್ರೇಮದಿಂದ ಬರುತ್ತದೆ. ಅದಕ್ಕೇ ಅದನ್ನು ಗದರಿಸಿ ಕೂರಿಸಬಾರದು. ಉತ್ತರ ಕೊಡಬೇಕು.

ಹಿಟ್ಲರ್ ತನ್ನ 'ಮೈನ್ ಕಾಂಫ್' ಪುಸ್ತಕದಲ್ಲೇ ಭಾರತದ ಬಗ್ಗೆ ಬರೆದಿದ್ದಾನೆ. ಭಾರತ ಬೇರೆ ಯಾರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲಿ ಇರುವುದೇ ಒಳ್ಳೆಯದು ಅನ್ನುವುದು ಅವನ ಅಭಿಪ್ರಾಯ. ನಮ್ಮ ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಅವನಿಗೆ ತಾತ್ಸಾರ ಇತ್ತು. ನೇತಾಜಿ 1941ರ ಏಪ್ರಿಲ್‌ನಲ್ಲಿ ಬರ್ಲಿನ್ ಸೇರಿದರು. ಹಿಟ್ಲರ್ ಅವರನ್ನು ಭೇಟಿಯಾದದ್ದು ಒಂದೇ ಸಲ, ಅದೂ ವರ್ಷ ಕಳೆದ ಮೇಲೆ, 1942ರ ಮೇನಲ್ಲಿ. ನೇತಾಜಿ ಕೇಳಿದ ಭಾರತ ಸ್ವಾತಂತ್ರ್ಯದ ಘೋಷಣೆ ಸಿಗಲಿಲ್ಲ. 1943ರ ಫೆಬ್ರುವರಿಯಲ್ಲಿ ಅವರು ಸಬ್‌ಮರೀನ್ ಹತ್ತಿ ಪೂರ್ವಕ್ಕೆ ಹೊರಟರು. ಈ ದಿನಾಂಕಗಳನ್ನು ಸುಮ್ನೆ ಸಾಲಾಗಿ ಬರೆದರೆ ಸಾಕು. ಮಕ್ಕಳೇ ಲೆಕ್ಕ ಹಾಕುತ್ತಾರೆ.

ದೇಶ ಕಟ್ಟಿದ ಅನ್ನುವ ಮಾತಿಗೆ ನಾನು ಸಂಖ್ಯೆಯಿಂದ ಶುರು ಮಾಡುವುದಿಲ್ಲ. ಒಂದು ಶಾಲೆಯ ತರಗತಿಯನ್ನು ಊಹಿಸಿ ಅನ್ನುತ್ತೇನೆ. 1933ರಲ್ಲಿ ಅವನು ಅಧಿಕಾರಕ್ಕೆ ಬಂದ. ಮೊದಲು ಕೆಲವು ಶಿಕ್ಷಕರು ಕೆಲಸ ಕಳಕೊಂಡರು, ಯಹೂದಿಗಳು ಅಂತ. ಆಮೇಲೆ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. 1935ರಲ್ಲಿ ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನು ಬಂತು. 1938ರಲ್ಲಿ ಯಹೂದಿ ಮಕ್ಕಳು ಉಳಿದವರ ಜೊತೆ ಶಾಲೆಗೆ ಬರಬಾರದು ಅಂದರು. ನಿಮ್ಮ ಬೆಂಚಿನಲ್ಲಿ ಕೂತ ಗೆಳತಿ ಒಂದು ದಿನ ಬರುವುದಿಲ್ಲ. ಯಾರೂ ಕೇಳುವುದಿಲ್ಲ. ಅಂಗವಿಕಲ ಮಕ್ಕಳನ್ನು ಆಸ್ಪತ್ರೆಗೆ ಅಂತ ಕರೆದುಕೊಂಡು ಹೋಗಿ ಕೊಂದರು. ಕೊನೆಗೆ ಸಂಖ್ಯೆ ಹೇಳುತ್ತೇನೆ: 60 ಲಕ್ಷ ಯಹೂದಿಗಳು. ಆಶ್‌ವಿಟ್ಜ್ ಅನ್ನುವ ಒಂದೇ ಜಾಗದಲ್ಲಿ ಸುಮಾರು 11 ಲಕ್ಷ ಜನ. ಈಗಿನ ಬೆಳಗಾವಿ ನಗರದ ಎಲ್ಲ ಮನೆ ಖಾಲಿ ಮಾಡಿದರೂ ಅಷ್ಟು ಜನ ಆಗುವುದಿಲ್ಲ ಅಂದಾಗ ತರಗತಿ ನಿಶ್ಶಬ್ದವಾಗುತ್ತದೆ.

ಹಿಟ್ಲರ್‌ನನ್ನು ಸೋಲಿಸಿದ ಬ್ರಿಟಿಷರು ನಮಗೆ ಒಳ್ಳೆಯವರಾಗಿದ್ದರಾ? ಈ ಪ್ರಶ್ನೆ ಬಂದೇ ಬರುತ್ತದೆ, ಬರಲೇಬೇಕು. ಅದೇ ಯುದ್ಧದ ನಡುವೆ, 1943ರಲ್ಲಿ, ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಅನ್ನ ಇಲ್ಲದೆ ಸತ್ತರು. ಸೇನೆಗೆ, ಕಾರ್ಖಾನೆಯ ಊರುಗಳಿಗೆ ಧಾನ್ಯ ಹೋಯಿತು. ದೋಣಿಗಳನ್ನು ಜಪಾನೀಯರಿಗೆ ಸಿಗಬಾರದು ಅಂತ ಕಿತ್ತುಕೊಂಡರು. ಹಳ್ಳಿಗಳಿಗೆ ಏನೂ ಉಳಿಯಲಿಲ್ಲ. ನಮ್ಮ ಮನೆಗಳಿಗೆ ರೇಷನ್ ಅನ್ನುವ ಪದ ಬಂದದ್ದೂ ಆ ಯುದ್ಧದಿಂದಲೇ. ಒಬ್ಬನ ಪಾಪದಿಂದ ಇನ್ನೊಬ್ಬನ ಪಾಪ ತೊಳೆದು ಹೋಗುವುದಿಲ್ಲ ಅನ್ನುವುದನ್ನು ಹದಿನೈದು ವರ್ಷದ ಮಕ್ಕಳು ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ. ನಾವೇ ಅವರನ್ನು ಚಿಕ್ಕವರು ಅಂದುಕೊಳ್ಳುತ್ತೇವೆ.

ಹೆಮ್ಮೆ ಮತ್ತು ಪ್ರಶ್ನೆ

ಸ್ಥಳೀಯ ಇತಿಹಾಸ ಅಂದ ಕೂಡಲೇ ಒಂದು ಅಪಾಯ ಇದೆ. ಎಲ್ಲವೂ ವೀರಗಾಥೆ ಆಗಿಬಿಡುತ್ತದೆ. ಇಟಲಿಯಲ್ಲಿ 1944ರ ಜುಲೈ 10ರಂದು ಒಬ್ಬರೇ ನುಗ್ಗಿ ಮಷಿನ್‌ಗನ್ ಅಡ್ಡೆ ಹಿಡಿದು ಪ್ರಾಣ ಬಿಟ್ಟ ನಾಯಕ್ ಯಶವಂತ ಘಾಡಗೆ, 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಗಾಯಗೊಂಡ ಜೊತೆಗಾರರನ್ನು ಹೊತ್ತು ತಂದ ಸಿಪಾಯಿ ನಾಮದೇವ ಜಾಧವ. ಇಬ್ಬರೂ ಬೆಳಗಾವಿಯ ಮರಾಠಾ ರೆಜಿಮೆಂಟಿನವರು, ಇಬ್ಬರಿಗೂ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಹೇಳಲೇಬೇಕಾದ ಕಥೆಗಳು. ಘಾಡಗೆಗೆ ಆಗ 22 ವರ್ಷ.

ಇವರ ಪಕ್ಕದಲ್ಲಿ 1942 ಕೂಡ ಇರಬೇಕು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಯಾವ ಭಾರತೀಯ ನಾಯಕನನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ಸಾರಿದ. ಮೂರು ವರ್ಷಕ್ಕೆ ಕ್ವಿಟ್ ಇಂಡಿಯಾ ಚಳವಳಿ ಎದ್ದಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಯುವಕರು ತಂತಿ ಕತ್ತರಿಸಿದರು, ಚಾವಡಿಯ ಕಾಗದ ಸುಟ್ಟರು. ಆ ವರ್ಷ ಮುಗಿಯುವುದರೊಳಗೆ ದೇಶದಲ್ಲಿ 60,000ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಅದೇ ವರ್ಷಗಳಲ್ಲಿ ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷರ ಸೇನೆಯಲ್ಲಿದ್ದರು. 1944ರ ಮಾರ್ಚ್ ಕೊನೆಯಲ್ಲಿ ಮಣಿಪುರದ ಸಾಂಗ್‌ಶಾಕ್ ಹಳ್ಳಿಯಲ್ಲಿ ಇದೇ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ ಜಪಾನಿನ ಸೇನೆಯನ್ನು ತಡೆದು ನಿಂತಿತು. ಆ ಇಂಫಾಲ ಹೋರಾಟದಲ್ಲಿ ಜಪಾನಿನ ಕಡೆಯಿಂದ ನೇತಾಜಿಯ ಆಜಾದ್ ಹಿಂದ್ ಫೌಜ್ ಕೂಡ ಬಂದಿತ್ತು. ಎರಡೂ ಕಡೆ ನಮ್ಮವರು. ಜೈಲಿನಲ್ಲೂ ನಮ್ಮವರು. ಯಾರು ಸರಿ ಅಂತ ಮಕ್ಕಳು ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೂರು ಗುಂಪು ಮಾಡಿ, ಮೂವರ ಪರವಾಗಿಯೂ ಮನೆಗೆ ಒಂದು ಪತ್ರ ಬರೆಯಿರಿ ಅನ್ನುತ್ತೇನೆ. ಆ ಪತ್ರಗಳನ್ನು ಓದುವಾಗ ನನಗೂ ಗಂಟಲು ಕಟ್ಟುತ್ತದೆ.

ಇನ್ನೊಂದು ಸೂಕ್ಷ್ಮ ಇಲ್ಲೇ ಇದೆ. ಬೆಳಗಾವಿಯಲ್ಲಿ ಮರಾಠಾ ಅನ್ನುವ ಪದ ಬಂದ ಕೂಡಲೇ ಗಡಿ, ಭಾಷೆ, ಬೋರ್ಡ್ ಅಂತ ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೆ ಹೆದರಿ ಈ ಪಾಠ ಬಿಡಬಾರದು. ಖಾನಾಪುರದ ಮರಾಠಿ ಮನೆಯ ಅಜ್ಜಿಯನ್ನು ಕನ್ನಡ ಶಾಲೆಯ ಹುಡುಗಿ ಮಾತಾಡಿಸಲಿ. ಬೈಲಹೊಂಗಲದ ಕನ್ನಡ ಮನೆಯ ಅಜ್ಜನನ್ನು ಮರಾಠಿ ಶಾಲೆಯ ಹುಡುಗ ಮಾತಾಡಿಸಲಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಎರಡೂ ಭಾಷೆ ಬರುತ್ತದೆ. ಇದು ಬೇರೆ ಊರಿನ ಮಕ್ಕಳಿಗೆ ಇಲ್ಲದ ಅನುಕೂಲ.

ಸಮಯ ಎಲ್ಲಿದೆ ಅಂತ ಶಿಕ್ಷಕರು ಕೇಳುತ್ತಾರೆ. ನನ್ನ ಅನುಭವದಲ್ಲಿ ಎರಡು ಪಿರಿಯಡ್ ಸಾಕು. ಒಂದು, ಕುತ್ ಮತ್ತು ಬೆಳಗಾವಿಯ ಆ ಒಂದು ವಾರಕ್ಕೆ. ಇನ್ನೊಂದು, ಸಾಂಬ್ರಾದಿಂದ ವಳಿವಡೆಯವರೆಗಿನ ನಕ್ಷೆಗೆ. ಉಳಿದದ್ದನ್ನು ಆಂತರಿಕ ಅಂಕದ ಪ್ರಾಜೆಕ್ಟ್‌ಗೆ ಹಾಕಬಹುದು. ಹೇಗೂ ಮಕ್ಕಳು ಚಾರ್ಟ್ ಅಂಗಡಿಯಿಂದ ಚಿತ್ರ ತಂದು ಅಂಟಿಸುತ್ತಾರೆ. ಅದರ ಬದಲು ಊರಿನ ಚಾವಡಿ, ಹಳೇ ಶಾಲೆ, ಗುಡಿಯ ಗೋಡೆ ನೋಡಿ ಬರಲಿ. ಮೊದಲ ಯುದ್ಧದ ನಂತರ ಭಾರತದ ಹಲವು ಹಳ್ಳಿಗಳಲ್ಲಿ ಈ ಊರಿನಿಂದ ಇಷ್ಟು ಮಂದಿ ಯುದ್ಧಕ್ಕೆ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು ಅಂತ ಕಲ್ಲು ಹಾಕಿಸಿದ್ದರು. ಕೆಲವಕ್ಕೆ ಈಗ ಸುಣ್ಣ ಬಳಿದಿರುತ್ತಾರೆ.

ಹೆಸರು ಹುಡುಕಲು ದಾರಿ ಇದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಉಚಿತ. ಹೆಸರು, ಪಲ್ಟನ್ ಹಾಕಿ ನೋಡಬಹುದು. ಕೆಲವು ದಾಖಲೆಗಳಲ್ಲಿ ತಂದೆಯ ಹೆಸರು, ಊರು, ತಾಲೂಕು ಸಹ ಇರುತ್ತದೆ. ಆದರೆ ಇದರಲ್ಲೂ ಒಂದು ನೋವಿನ ಸಂಗತಿ ಇದೆ. ಇರಾಕಿನ ಬಸ್ರಾದಲ್ಲಿ ಮೆಸಪೊಟೇಮಿಯಾದಲ್ಲಿ ಸತ್ತು ಸಮಾಧಿ ಸಿಗದ 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಇದೆ. ಬಿಳಿಯ ಸಿಪಾಯಿಗಳ ಹೆಸರನ್ನು ಒಂದೊಂದಾಗಿ ಕೆತ್ತಿದರು. ಭಾರತೀಯ ಸಿಪಾಯಿಗಳನ್ನು ಪಲ್ಟನ್‌ನ ಹೆಸರಿನ ಕೆಳಗೆ ಬರೀ ಸಂಖ್ಯೆ ಮಾಡಿದರು. 2021ರಲ್ಲಿ ಆಯೋಗ ತನ್ನದೇ ತನಿಖೆಯ ವರದಿ ತಂದು, ಕನಿಷ್ಠ 1,16,000 ಮಂದಿ ಹೆಸರಿಲ್ಲದೆ ಉಳಿದರು ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದವರು, ಈಜಿಪ್ಟಿನವರು.

ಈ ವರದಿಯ ವಿಷಯ ಹೇಳಿದ ದಿನ ಖಾನಾಪುರ ಕಡೆಯ ಒಬ್ಬ ಹುಡುಗಿ ಪಾಠ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದಳು. ಅವಳ ಅಜ್ಜಿಯ ಅಜ್ಜ ಬಸರೆಗೆ ಹೋದವರು ಬರಲೇ ಇಲ್ಲ ಅಂತ ಮನೆಯಲ್ಲಿ ಹೇಳುತ್ತಾರಂತೆ. ಬಸರೆ ಅಂದರೆ ಯಾವುದೋ ಗುಡ್ಡದ ಊರು ಅಂದುಕೊಂಡಿದ್ದಳು. ನನ್ನ ಫೋನಿನಲ್ಲಿ ಹೆಸರು ಹಾಕಿ ನೋಡಿದೆವು. ಅದೇ ಹೆಸರಿನವರು ಒಬ್ಬರಲ್ಲ, ಸುಮಾರು ಜನ ಸಿಕ್ಕರು. ತಂದೆಯ ಹೆಸರು ಏನು ಅಂತ ಕೇಳಿದೆ. "ಅಜ್ಜೀನ್ನ ಕೇಳಿ ಬರ್ತೇನ್ರಿ ಸರ್" ಅಂದಳು. ಅಲ್ಲಿಯವರೆಗೆ ಇರಲಿ ಅಂತ ಎಲ್ಲರ ಹೆಸರನ್ನೂ, ಪಲ್ಟನ್ ನಂಬರನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡು ಹೋದಳು.